ಶಾಲೆ ಮುಚ್ಚಿದಾಗ ಯಾರ ಮಗು ಹಿಂದೆ ಉಳಿಯಿತು? ದೂರಪಾಠ ಮತ್ತು ಸಮುದಾಯದ ನೆರವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊರೊನಾ ಕಾಲದಲ್ಲಿ ಮಕ್ಕಳಿಗೆ ಫೋನಿನಲ್ಲಿ ಪಾಠ ಹೇಳಿಕೊಡುವ ಒಂದು ಸಣ್ಣ ಗುಂಪಿನಲ್ಲಿ ನಾನಿದ್ದೆ. ಆಗಿನಿಂದ ತಂದೆತಾಯಿಗಳು, ಟೀಚರುಗಳು, ಸಹಾಯಕ್ಕೆ ಬಂದ ಕಾಲೇಜು ಹುಡುಗ ಹುಡುಗಿಯರು ಮಾತಿನಲ್ಲೂ ಪತ್ರದಲ್ಲೂ ಕೇಳುತ್ತಲೇ ಬಂದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಯಾವುದನ್ನು ಬೇಕಾದರೂ ಮೊದಲು ಓದಬಹುದು.

## ಮೊದಲಿಗೆ

ಎಲ್ಲರ ಶಾಲೆಯೂ ಮುಚ್ಚಿತ್ತಲ್ಲ, ಮತ್ತೆ ಅಸಮಾನತೆ ಎಲ್ಲಿಂದ ಬಂತು?

2020ರ ಏಪ್ರಿಲ್‌ನಲ್ಲಿ 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲೆಗಳು ಮುಚ್ಚಿದ್ದವು. ಯುನೆಸ್ಕೊ ಲೆಕ್ಕದಲ್ಲಿ 150 ಕೋಟಿಗೂ ಜಾಸ್ತಿ ವಿದ್ಯಾರ್ಥಿಗಳು ಮನೆಯಲ್ಲಿದ್ದರು. ಬಾಗಿಲು ಎಲ್ಲರಿಗೂ ಮುಚ್ಚಿತು, ನಿಜ. ಆದರೆ ಅವರು ವಾಪಸ್ ಹೋದ ಮನೆಗಳು ಒಂದೇ ಥರ ಇರಲಿಲ್ಲ.

ಶಾಲೆಯಲ್ಲಿ ಎಷ್ಟೇ ಕೊರತೆ ಇರಲಿ, ಕೆಲವನ್ನು ಅದು ಎಲ್ಲ ಮಕ್ಕಳಿಗೂ ಕೊಡುತ್ತದೆ. ಕೂರಲು ಜಾಗ, ಬೆಳಕು, ಕರಿಹಲಗೆ, ಗೊತ್ತಾಗದಿದ್ದರೆ ಕೇಳಲು ಒಬ್ಬರು ದೊಡ್ಡವರು. ಜೊತೆಗೆ ದಿನಕ್ಕೆ ಐದಾರು ಗಂಟೆ ಮನೆಗೆಲಸದಿಂದ ಬಿಡುವು. ಶಾಲೆ ಮುಚ್ಚಿದ ದಿನದಿಂದ ಇದೆಲ್ಲವನ್ನೂ ಮನೆಯೇ ಕೊಡಬೇಕಾಯಿತು. ಕೆಲವು ಮನೆಗಳಿಗೆ ಅದು ಆಯಿತು. ಬಹಳಷ್ಟು ಮನೆಗಳಿಗೆ ಆಗಲಿಲ್ಲ.

ಎಷ್ಟು ಮಕ್ಕಳಿಗೆ ಪಾಠವೇ ತಲುಪಲಿಲ್ಲ?

ಯುನಿಸೆಫ್ 2020ರ ಆಗಸ್ಟ್‌ನಲ್ಲಿ ಕೊಟ್ಟ ಅಂದಾಜಿನಂತೆ ಕನಿಷ್ಠ 46.3 ಕೋಟಿ ಮಕ್ಕಳಿಗೆ. ಅಂದರೆ ಶಾಲೆಗೆ ಹೋಗುವ ಮೂವರಲ್ಲಿ ಒಬ್ಬರಿಗೆ ಟಿವಿ, ರೇಡಿಯೊ, ಇಂಟರ್ನೆಟ್ ಯಾವುದರಿಂದಲೂ ಪಾಠ ಸಿಗುವಂತಿರಲಿಲ್ಲ. ಈ ಮಕ್ಕಳಲ್ಲಿ ನಾಲ್ಕರಲ್ಲಿ ಮೂವರು ಹಳ್ಳಿಗಳವರು ಅಥವಾ ತೀರಾ ಬಡ ಮನೆಗಳವರು.

ಅದೇ ವರ್ಷದ ಕೊನೆಗೆ ಇನ್ನೊಂದು ಲೆಕ್ಕ ಬಂತು. 3ರಿಂದ 17 ವರ್ಷದೊಳಗಿನ 130 ಕೋಟಿ ಮಕ್ಕಳ ಮನೆಯಲ್ಲಿ ಇಂಟರ್ನೆಟ್ ಇಲ್ಲ, ಅಂದರೆ ಮೂರರಲ್ಲಿ ಎರಡು ಪಾಲು. ಮೊದಲ ಲೆಕ್ಕದಲ್ಲಿರುವ ‘ಕನಿಷ್ಠ’ ಎಂಬ ಪದವನ್ನು ದಯವಿಟ್ಟು ಗಮನಿಸಿ. ಟಿವಿ ಇದ್ದ ಮನೆಯ ಮಗುವನ್ನು ಪಾಠ ತಲುಪಬಹುದಾದ ಕಡೆಗೆ ಸೇರಿಸಿದ್ದಾರೆ. ಆ ಮಗು ಕೂತು ನೋಡಿತಾ, ಅರ್ಥವಾಯಿತಾ ಎಂಬುದು ಈ ಲೆಕ್ಕಕ್ಕೆ ಸಿಗುವುದಿಲ್ಲ.

ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದ್ರೂ ಮಗು ಕಲೀಲಿಲ್ಲ ಅಂದ್ರೆ ಅದು ಸೋಮಾರಿತನ ಅಲ್ವಾ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಒಂದು ಮನೆ ನೆನಪಾಗುತ್ತದೆ. ಮೂವರು ಮಕ್ಕಳು, ಒಂದು ಫೋನು. ಫೋನು ಅಪ್ಪನದು. ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಅದೂ ಅವರ ಜೇಬಿನಲ್ಲೇ ಹೋಗುತ್ತಿತ್ತು. ಸಂಜೆ ಮನೆಗೆ ಬರುವಷ್ಟರಲ್ಲಿ ಬ್ಯಾಟರಿ ಹತ್ತೋ ಹದಿನೈದೋ ಪರ್ಸೆಂಟ್. ಮೊದಲು ದೊಡ್ಡವನ ಸರದಿ, ಯಾಕೆಂದರೆ ಅವನಿಗೆ ಪರೀಕ್ಷೆ ಹತ್ತಿರವಿತ್ತು. ಆಮೇಲೆ ಎರಡನೆಯವನು. ನಾಲ್ಕನೇ ತರಗತಿಯ ತಂಗಿಯ ಕೈಗೆ ಫೋನು ಬರುವಾಗ ರಾತ್ರಿ ಹತ್ತು. ಚಾರ್ಜರ್ ವೈರು ಗಿಡ್ಡ. ಅವಳು ಗೋಡೆಗೆ ಒರಗಿ ನಿಂತುಕೊಂಡೇ ಬೆಳಗಿನ ಪಾಠದ ಫೋಟೊ ನೋಡಿ ನೋಟ್ಸ್ ಬರೆದುಕೊಳ್ಳುತ್ತಿದ್ದಳು. ಬೋರ್ಡಿನ ಫೋಟೊ ಮಸುಕು. ದೊಡ್ಡದು ಮಾಡಿದರೆ ಅಕ್ಷರ ಒಡೆಯುತ್ತಿತ್ತು. ತಿಳಿಯದ ಜಾಗದಲ್ಲಿ ಗೆರೆ ಎಳೆದು ಖಾಲಿ ಬಿಡುತ್ತಿದ್ದಳು. ಅವಳ ಪುಸ್ತಕ ಮುಂದೊಮ್ಮೆ ನೋಡಿದಾಗ ಪುಟಕ್ಕೆ ಏಳೆಂಟು ಗೆರೆ ಇದ್ದವು.

ಸಮೀಕ್ಷೆಯವರು ಬಂದರೆ ಆ ಮನೆಯ ಮುಂದೆ ‘ಸ್ಮಾರ್ಟ್‌ಫೋನ್ ಇದೆ’ ಎಂದು ಬರೆದುಕೊಳ್ಳುತ್ತಾರೆ. ಅದು ಸುಳ್ಳಲ್ಲ. ಆದರೆ ಕೇಳಬೇಕಾದ್ದು ಬೇರೆ. ಫೋನು ಮಗುವಿನ ಕೈಗೆ ಎಷ್ಟು ಗಂಟೆಗೆ ಸಿಗುತ್ತದೆ? ಎಷ್ಟು ಹೊತ್ತು ಇರುತ್ತದೆ? ತಿಂಗಳ ಕೊನೆಯಲ್ಲಿ ಡೇಟಾ ಉಳಿದಿರುತ್ತದಾ? ಪಕ್ಕದಲ್ಲಿ ಯಾರಿರುತ್ತಾರೆ? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು ಎಂದು ನನಗೆ ಈ ಕೆಲಸದಲ್ಲಿ ಮನದಟ್ಟಾಗಿದೆ.

ಟೀಚರುಗಳು ಸುಮ್ನೆ ಮನೇಲಿ ಕೂತಿದ್ರು ಅಂತಾರೆ. ನಿಜಾನಾ?

ಹಾಗೆ ಕೂತವರು ಇರಬಹುದು. ನಾನು ಕಂಡವರಲ್ಲಿ ಹೆಚ್ಚಿನವರು ತಮ್ಮ ಫೋನು, ತಮ್ಮ ರೀಚಾರ್ಜ್ ಬಳಸಿ, ತಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಮಾಡಿದರು. ಮುಖ ಕಾಣದ ಪರದೆಗೆ ಪಾಠ ಹೇಳುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ತರಗತಿಯಲ್ಲಿ ಮಗುವಿನ ಹುಬ್ಬು ಗಂಟಿಕ್ಕಿದ್ದು ನೋಡಿಯೇ ಟೀಚರ್ ಇನ್ನೊಮ್ಮೆ ವಿವರಿಸುತ್ತಾರೆ. ಕ್ಯಾಮೆರಾ ಆಫ್ ಆಗಿದ್ದರೆ ಅದು ಹೋಯಿತು.

ಪಾಠ ಫೋನಿಗೆ ಬಂತಲ್ಲ, ಇನ್ನೇನು ಕಮ್ಮಿ ಆಯ್ತು?

ಊಟ ಕಮ್ಮಿ ಆಯಿತು. ಶಾಲೆ ಮುಚ್ಚಿದ್ದರಿಂದ ಜಗತ್ತಿನಲ್ಲಿ ಸುಮಾರು 37 ಕೋಟಿ ಮಕ್ಕಳಿಗೆ ಶಾಲೆಯ ಊಟ ತಪ್ಪಿತು ಎಂದು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಅಂದಾಜು ಮಾಡಿತ್ತು. ಹಸಿದ ಮಗು ಯಾವ ಪಾಠವನ್ನೂ ಕಲಿಯುವುದಿಲ್ಲ. ಶ್ರೀಮಂತ ದೇಶಗಳಲ್ಲೂ ಇದು ಸಣ್ಣ ವಿಷಯ ಆಗಿರಲಿಲ್ಲ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಟಗಾರ ಮಾರ್ಕಸ್ ರಾಶ್‌ಫರ್ಡ್ ತಾನೂ ಚಿಕ್ಕವನಿದ್ದಾಗ ಶಾಲೆಯ ಉಚಿತ ಊಟ ಉಂಡು ಬೆಳೆದವನು ಎಂದು 2020ರ ಜೂನ್‌ನಲ್ಲಿ ಸಂಸದರಿಗೆ ಬಹಿರಂಗ ಪತ್ರ ಬರೆದರು. ಬೇಸಿಗೆ ರಜೆಯಲ್ಲಿ ಊಟದ ನೆರವು ಇಲ್ಲ ಎಂದಿದ್ದ ಸರ್ಕಾರ ಮರುದಿನವೇ ನಿರ್ಧಾರ ಬದಲಿಸಿತು.

ಊಟದ ಜೊತೆಗೆ ಇನ್ನೊಂದು ಹೋಯಿತು. ಮಗುವಿನ ಮೈಮೇಲಿನ ಬಾಸುಂಡೆಯನ್ನೋ, ನಾಲ್ಕು ದಿನ ಮಾತಾಡದೆ ಕೂತದ್ದನ್ನೋ ಗಮನಿಸುತ್ತಿದ್ದ ಹೊರಗಿನ ಕಣ್ಣು. ಅದನ್ನು ಯಾವ ಆ್ಯಪ್ ಕೂಡ ಕೊಡಲಿಲ್ಲ.

## ಯಾವುದು ತಲುಪಿತು, ಯಾವುದು ತಲುಪಲಿಲ್ಲ

ಟಿವಿ, ರೇಡಿಯೊ ಪಾಠದಿಂದ ಏನಾದ್ರೂ ಉಪಯೋಗ ಆಯ್ತಾ?

ರೇಡಿಯೊ ಪಾಠ ಹೊಸದೇನಲ್ಲ. 1937ರಲ್ಲಿ ಶಿಕಾಗೊದಲ್ಲಿ ಪೋಲಿಯೊ ಹರಡಿ ಶಾಲೆ ತೆರೆಯುವುದು ತಡವಾದಾಗ ಅಲ್ಲಿನ ರೇಡಿಯೊ ಕೇಂದ್ರಗಳು ದಿನಕ್ಕೆ ಕಾಲು ಗಂಟೆಯ ಪಾಠಗಳನ್ನು ಬಿತ್ತರಿಸಿದವು. ಯಾವ ತರಗತಿಗೆ ಎಷ್ಟು ಹೊತ್ತಿಗೆ ಪಾಠ ಎಂಬ ಪಟ್ಟಿ ಪತ್ರಿಕೆಯಲ್ಲಿ ಬರುತ್ತಿತ್ತು. ಆಗಲೂ ದೂರು ಇದೇ ಇತ್ತು: ಸ್ಟೇಷನ್ ಸರಿಯಾಗಿ ಸಿಗಲ್ಲ, ಪಾಠ ಓಡಿಹೋಗುತ್ತದೆ, ತಿರುಗಿ ಕೇಳುವ ಹಾಗಿಲ್ಲ. ಸಿಯೆರಾ ಲಿಯೋನ್ ದೇಶದಲ್ಲಿ 2014ರಲ್ಲಿ ಎಬೋಲಾ ಬಂದು ತಿಂಗಳುಗಟ್ಟಲೆ ಶಾಲೆ ಮುಚ್ಚಿದಾಗಲೂ ರೇಡಿಯೊ ಪಾಠ ನಡೆಯಿತು. ಆ ಅನುಭವ ಇದ್ದುದರಿಂದ 2020ರಲ್ಲಿ ಅವರು ಬೇಗ ಶುರು ಮಾಡಿದರು. ಮೆಕ್ಸಿಕೊ 2020ರ ಆಗಸ್ಟ್‌ನಲ್ಲಿ ಇಡೀ ಶಾಲಾ ವರ್ಷವನ್ನೇ ಟಿವಿಗೆ ತಂದಿತು.

ತಲುಪುವ ವಿಷಯದಲ್ಲಿ ಇವು ಇಂಟರ್ನೆಟ್‌ಗಿಂತ ಎಷ್ಟೋ ಮೇಲು. ತೊಂದರೆ ಏನೆಂದರೆ ಟಿವಿ ಎಲ್ಲ ಮಕ್ಕಳಿಗೂ ಒಂದೇ ವೇಗದಲ್ಲಿ ಮಾತಾಡುತ್ತದೆ. ಮಗುವಿನ ಮಾತು ಅದಕ್ಕೆ ಕೇಳಿಸುವುದಿಲ್ಲ. ಹಾಗಾಗಿ ಟಿವಿ ಪಾಠದ ನಂತರ ವಾರಕ್ಕೆ ಒಂದು ಸಲವಾದರೂ ಯಾರಾದರೂ ಕರೆ ಮಾಡಿ ‘ಏನು ಅರ್ಥವಾಯ್ತು ಹೇಳು’ ಎಂದು ಕೇಳುವ ಏರ್ಪಾಟು ಬೇಕು.

ಎಲ್ಲರಿಗೂ ಒಂದೊಂದು ಟ್ಯಾಬ್ ಕೊಟ್ಟಿದ್ರೆ ಮುಗಿದು ಹೋಗ್ತಿತ್ತಲ್ವಾ?

ಮುಗಿಯುತ್ತಿರಲಿಲ್ಲ. ಹೀಗೆ ಹೇಳಲು ಎರಡು ಗಟ್ಟಿ ಕಾರಣ ಇವೆ.

ಮೊದಲನೆಯದು ಪೆರು ದೇಶ. ಕೊರೊನಾಕ್ಕಿಂತ ಎಷ್ಟೋ ಮೊದಲು ಅಲ್ಲಿ ಲಕ್ಷಾಂತರ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ್ದರು. 2012ರಲ್ಲಿ ಬಂದ ಅಧ್ಯಯನದಲ್ಲಿ ಓದು, ಗಣಿತ ಎರಡರಲ್ಲೂ ಸುಧಾರಣೆ ಕಾಣಲಿಲ್ಲ. ಎರಡನೆಯದು ನೆದರ್ಲೆಂಡ್ಸ್. ಮನೆಮನೆಗೂ ಒಳ್ಳೆಯ ಇಂಟರ್ನೆಟ್ ಇರುವ ದೇಶ. 2020ರಲ್ಲಿ ಶಾಲೆ ಮುಚ್ಚಿದ್ದು ಬರೀ 8 ವಾರ. ಆದರೂ ಪ್ರಾಥಮಿಕ ಶಾಲೆಯ ಮಕ್ಕಳು ಸುಮಾರು ಒಂದು ವರ್ಷದ ಕಲಿಕೆಯ ಐದನೇ ಒಂದು ಪಾಲು ಕಳೆದುಕೊಂಡಿದ್ದರು. ಹೆಚ್ಚು ಓದದ ತಂದೆತಾಯಿಯ ಮಕ್ಕಳಿಗೆ ಈ ನಷ್ಟ ಶೇಕಡಾ 60ರವರೆಗೆ ಜಾಸ್ತಿ ಇತ್ತು. ಪರದೆ ಎಲ್ಲರ ಮನೆಯಲ್ಲೂ ಇತ್ತು. ಅದರ ಪಕ್ಕ ಕೂತು ವಿವರಿಸುವವರು ಎಲ್ಲರ ಮನೆಯಲ್ಲೂ ಇರಲಿಲ್ಲ.

ಹಾಗೆಂದು ಟ್ಯಾಬ್ ಬೇಡ ಎನ್ನುತ್ತಿಲ್ಲ. ಏನೂ ಇಲ್ಲದ ಮಗುವಿಗೆ ಅದು ಬೇಕೇ ಬೇಕು. ಹಂಚಿದ ದಿನಕ್ಕೆ ಕೆಲಸ ಮುಗಿಯಿತು ಎಂದುಕೊಳ್ಳುವುದು ಮಾತ್ರ ತಪ್ಪು.

ನಾನೇ ಓದಿಲ್ಲ. ಮಗುವಿಗೆ ನಾನೇನು ಹೇಳಿಕೊಡಲಿ?

ಅಮ್ಮ, ನೀವು ಪಾಠ ಹೇಳಿಕೊಡಬೇಕಿಲ್ಲ. ದಿನಾ ಒಂದೇ ಹೊತ್ತಿಗೆ ಮಗುವನ್ನು ಕೂರಿಸಿ, ಆ ಅರ್ಧ ಗಂಟೆ ಬೇರೆ ಕೆಲಸ ಹೇಳಬೇಡಿ. ‘ಇವತ್ತು ಏನು ಓದಿದೆ, ನಂಗೂ ಹೇಳು’ ಎಂದು ಕೇಳಿ. ಮಗು ನಿಮಗೆ ವಿವರಿಸುತ್ತಾ ಹೋದಂತೆ ಅದಕ್ಕೇ ಪಾಠ ಗಟ್ಟಿಯಾಗುತ್ತದೆ. ತಡವರಿಸಿದ ಜಾಗ ನೆನಪಿಟ್ಟುಕೊಂಡು ಟೀಚರ್‌ಗೆ ಹೇಳಿ. ನಿಮ್ಮ ಹಳೆಯ ಕಥೆಗಳನ್ನು ಹೇಳಿ, ಮಗುವಿನ ಕೈಲಿ ಬರೆಸಿ. ಖರ್ಚಿನ ಲೆಕ್ಕ ಮಗುವಿನ ಹತ್ತಿರವೇ ಮಾಡಿಸಿ. ನಿಮಗೆ ಓದಲು ಬರುವುದಿಲ್ಲ ಎಂಬ ನಾಚಿಕೆಯಿಂದ ದೂರ ಕೂರಬೇಡಿ, ಅಷ್ಟು ಸಾಕು.

ಕಿವಿ ಕೇಳಿಸದ, ಕಣ್ಣು ಕಾಣದ ಮಕ್ಕಳಿಗೆ ಏನು ಮಾಡಿದ್ರು?

ಹೆಚ್ಚಿನ ಕಡೆ ಈ ಮಕ್ಕಳು ನೆನಪಾದದ್ದೇ ಕೊನೆಗೆ. ಕಣ್ಣು ಕಾಣದ ಮಗುವಿನ ಫೋನಿನಲ್ಲಿ ಅಕ್ಷರ ಓದಿ ಹೇಳುವ ಸೌಲಭ್ಯ ಇರುತ್ತದೆ, ಆದರೆ ಕೈಬರಹದ ಫೋಟೊ ಕಳಿಸಿದರೆ ಅದು ಸರಿಯಾಗಿ ಓದಲಾರದು. ಅದೇ ಪಾಠ ಟೈಪ್ ಮಾಡಿ ಕಳಿಸಿದರೆ ಓದುತ್ತದೆ. ಹತ್ತು ನಿಮಿಷದ ಹೆಚ್ಚಿನ ಕೆಲಸ. ಕಿವಿ ಕೇಳಿಸದ ಮಗುವಿಗೆ ತುಟಿ ಕಾಣಬೇಕು, ಮಾಸ್ಕ್ ಅದನ್ನು ಮುಚ್ಚಿತು. ವಿಡಿಯೊದಲ್ಲಿ ಟೀಚರ್ ಮುಖದ ಮೇಲೆ ಬೆಳಕು ಬೀಳುವಂತೆ ಕೂತು, ಹೇಳುವುದನ್ನು ಕೆಳಗೆ ಬರೆದರೆ ಮಗು ಹಿಂಬಾಲಿಸಬಲ್ಲದು. ಸನ್ನೆ ಭಾಷೆ ಬರುವವರು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಹೆಣ್ಣುಮಕ್ಕಳಿಗೇ ಜಾಸ್ತಿ ಪೆಟ್ಟು ಬಿತ್ತು ಅಂತಾರಲ್ಲ, ಯಾಕೆ?

ಮನೆಯಲ್ಲಿ ಫೋನಿನ ಸರದಿಯಲ್ಲಿ ಅವರು ಕೊನೆ. ಮನೆಗೆಲಸದ ಸರದಿಯಲ್ಲಿ ಮೊದಲು. ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳುವುದೂ ಅವರ ಪಾಲಿಗೇ. ಬೇಗ ಮದುವೆ ಮಾಡಿಬಿಡುವ ಒತ್ತಡ ಬೇರೆ.

ಸಿಯೆರಾ ಲಿಯೋನ್‌ನ ಎಬೋಲಾ ಕಾಲದ ಒಂದು ಅಧ್ಯಯನ ನನಗೆ ಬಹಳ ಧೈರ್ಯ ಕೊಟ್ಟಿದೆ. ರೋಗದಿಂದ ಹೆಚ್ಚು ಪೆಟ್ಟು ತಿಂದ ಹಳ್ಳಿಗಳಲ್ಲಿ ಹುಡುಗಿಯರು ಮದುವೆಗೆ ಮುಂಚೆಯೇ ಗರ್ಭಿಣಿಯರಾಗುವುದು ಜಾಸ್ತಿಯಾಯಿತು, ತುಂಬಾ ಮಂದಿ ಶಾಲೆಗೆ ಹಿಂತಿರುಗಲಿಲ್ಲ. ಆದರೆ ಅಂಥ ಕೆಲವು ಹಳ್ಳಿಗಳಲ್ಲಿ ಹುಡುಗಿಯರು ಸೇರಿ ಕೂರಲು, ಕಲಿಯಲು, ಮಾತಾಡಲು ಒಂದು ಕ್ಲಬ್ ಇತ್ತು. ಅಲ್ಲಿ ಶಾಲೆ ಬಿಟ್ಟವರ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಒಂದು ಸುರಕ್ಷಿತ ಕೋಣೆ, ಅವರಿಗಿಂತ ಸ್ವಲ್ಪ ದೊಡ್ಡವಳಾದ ಒಬ್ಬ ಅಕ್ಕ. ಕ್ಲಬ್ ಎಂದರೆ ಹೆಚ್ಚುಕಮ್ಮಿ ಅಷ್ಟೇ.

## ಸಹಾಯ ಮಾಡುವವರು ಕೇಳುವುದು

ನಾನು ಟೀಚರ್ ಅಲ್ಲ, ಇನ್ನೂ ಓದ್ತಿದ್ದೀನಿ. ವಾರಕ್ಕೆ ಅರ್ಧ ಗಂಟೆ ಕೊಟ್ರೆ ಏನಾದ್ರೂ ಬದಲಾಗುತ್ತಾ?

ಬದಲಾಗುತ್ತದೆ. ಬಾಂಗ್ಲಾದೇಶದಲ್ಲಿ 2020ರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಳ್ಳಿಯ ಮಕ್ಕಳಿಗೆ, ಅವರ ತಾಯಂದಿರಿಗೆ ವಾರಕ್ಕೊಮ್ಮೆ ಸುಮಾರು ಅರ್ಧ ಗಂಟೆ ಕರೆ ಮಾಡಿದರು. 13 ವಾರ, ಸಾದಾ ಫೋನಿನಲ್ಲಿ. ಮಕ್ಕಳ ಕಲಿಕೆ ಎದ್ದು ಕಾಣುವಷ್ಟು ಸುಧಾರಿಸಿತು, ತಾಯಂದಿರು ಮಕ್ಕಳ ಜೊತೆ ಕೂರುವ ಹೊತ್ತೂ ಹೆಚ್ಚಿತು. ಇಟಲಿಯಲ್ಲೂ ಅದೇ ವರ್ಷ ವಿಶ್ವವಿದ್ಯಾಲಯದ ಸ್ವಯಂಸೇವಕರು ಮಾಧ್ಯಮಿಕ ಶಾಲೆಯ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಒಬ್ಬೊಬ್ಬರಿಗೇ ಪಾಠ ಹೇಳಿದರು. ಅಂಕವೂ ಏರಿತು, ಮಕ್ಕಳ ಮನಸ್ಸೂ ಹಗುರಾಯಿತು. ಮನಸ್ಸು ಹಗುರಾಗುವ ವಿಷಯದಲ್ಲಿ ಬೇರೆ ದೇಶದಿಂದ ವಲಸೆ ಬಂದ ಮನೆಗಳ ಮಕ್ಕಳಿಗೆ ಇನ್ನೂ ಹೆಚ್ಚು ಪ್ರಯೋಜನವಾಯಿತು.

ಆಫ್ರಿಕಾದ ಬೋಟ್ಸ್ವಾನಾ ದೇಶದ ಪ್ರಯೋಗ ಇನ್ನೊಂದು ವಿಷಯ ತೋರಿಸಿತು. ಕೆಲವು ಮನೆಗಳಿಗೆ ವಾರಕ್ಕೊಂದು ಲೆಕ್ಕದ ಎಸ್ಸೆಮ್ಮೆಸ್ ಮಾತ್ರ ಕಳಿಸಿದರು. ಇನ್ನು ಕೆಲವು ಮನೆಗಳಿಗೆ ಎಸ್ಸೆಮ್ಮೆಸ್ ಜೊತೆ 15–20 ನಿಮಿಷದ ಕರೆಯನ್ನೂ ಮಾಡಿದರು. ಕರೆ ಹೋದ ಮನೆಗಳ ಮಕ್ಕಳು ಮುಂದೆ ಬಂದರು. ಬರೀ ಸಂದೇಶದಿಂದ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ.

ಒಂದೇ ಒಂದು ಷರತ್ತು. ಶುರು ಮಾಡಿದರೆ ನಡುವೆ ಬಿಡಬೇಡಿ. ಗುರುವಾರ ಸಂಜೆ ಐದಕ್ಕೆ ಕರೆ ಬರುತ್ತದೆ ಎಂದು ಮಗು ಕಾಯುತ್ತಿರುತ್ತದೆ.

ಮುಖ ನೋಡದೆ, ಫೋನಲ್ಲಿ ಲೆಕ್ಕ ಹೇಗೆ ಹೇಳಿಕೊಡೋದು?

ಉತ್ತರ ಕೇಳಬೇಡಿ, ಮಾಡುವ ದಾರಿ ಕೇಳಿ. ನಾನು ಕರೆ ಮಾಡುತ್ತಿದ್ದ ಒಬ್ಬ ಹುಡುಗನಿಗೆ ‘47ಕ್ಕೆ 28 ಕೂಡು, ಮಾಡ್ತಾ ಮಾಡ್ತಾ ಜೋರಾಗಿ ಹೇಳು’ ಎಂದೆ. ‘ಏಳು ಎಂಟು ಹದಿನೈದು’ ಎಂದು ಹೇಳಿ ಬರೆದ. ‘ನಾಲ್ಕು ಎರಡು ಆರು’ ಎಂದು ಅದರ ಎಡಗಡೆ ಬರೆದ. ‘ಅಕ್ಕಾ, ಆರುನೂರ ಹದಿನೈದು.’

ವರ್ಕ್‌ಶೀಟ್‌ನಲ್ಲಿ 615ಕ್ಕೆ ಕೆಂಪು ಗುರುತು ಬಿದ್ದು ಅಲ್ಲಿಗೆ ಮುಗಿಯುತ್ತಿತ್ತು. ಕಿವಿಯಲ್ಲಿ ಕೇಳಿದ್ದರಿಂದ ಗೊತ್ತಾಯಿತು: ಅವನಿಗೆ ಕೂಡುವುದು ಚೆನ್ನಾಗಿ ಬರುತ್ತದೆ. ಐದು ಬರೆದು ಕೈಯಲ್ಲಿ ಒಂದು ಇಟ್ಟುಕೊಳ್ಳುವುದು ಗೊತ್ತಿಲ್ಲ. ಕಡ್ಡಿ ತರಲು ಹೇಳಿದೆ. ಅವನ ಅಮ್ಮ ಹತ್ತು ಹತ್ತು ಕಡ್ಡಿ ಸೇರಿಸಿ ದಾರದಲ್ಲಿ ಕಟ್ಟಿಕೊಟ್ಟರು. ಒಂದು ಕಡೆ ನಾಲ್ಕು ಕಟ್ಟು, ಏಳು ಬಿಡಿ. ಇನ್ನೊಂದು ಕಡೆ ಎರಡು ಕಟ್ಟು, ಎಂಟು ಬಿಡಿ. ‘ಬಿಡಿ ಕಡ್ಡಿಯಲ್ಲಿ ಇನ್ನೊಂದು ಕಟ್ಟು ಆಗುತ್ತಾ ನೋಡು.’ ಸ್ವಲ್ಪ ಹೊತ್ತು ಕಡ್ಡಿ ಎಣಿಸುವ ಸದ್ದು ಮಾತ್ರ. ಆಮೇಲೆ ‘ಏಳು ಕಟ್ಟು, ಐದು ಬಿಡಿ’ ಎಂದ. ಅವನ ಹಿಂದೆಯೇ ಅವನ ಅಮ್ಮನೂ ‘ಎಪ್ಪತ್ತೈದು’ ಎಂದರು. ಸ್ಪೀಕರ್ ಹಾಕಿದ್ದರು, ಅವರೂ ಎಣಿಸುತ್ತಿದ್ದರು.

ಹಳೇ ಫೋನ್ ಕೊಡ್ಬೇಕು ಅಂತಿದ್ದೀವಿ. ಏನು ನೋಡಿಕೊಳ್ಳಬೇಕು?

ಬ್ಯಾಟರಿ ಎರಡು ಗಂಟೆಯಾದರೂ ಬಾಳುತ್ತದಾ ನೋಡಿ. ಚಾರ್ಜರ್ ಜೊತೆಗೇ ಕೊಡಿ. ನಿಮ್ಮ ಫೋಟೊ, ಖಾತೆ ಎಲ್ಲ ಅಳಿಸಿ. ಮುಖ್ಯವಾಗಿ ರೀಚಾರ್ಜ್ ಯಾರು ಮಾಡಿಸುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳಿ. ಒಂದು ಗಂಟೆಯ ವಿಡಿಯೊ ತರಗತಿಗೆ ನೂರಾರು ಎಂಬಿ ಡೇಟಾ ಖರ್ಚಾಗುತ್ತದೆ. ಪಾಠವನ್ನು ಧ್ವನಿಯಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ತುಂಬಾ ಕಮ್ಮಿ ಸಾಕು. ಫೋನಿನಲ್ಲಿ ಹತ್ತಾರು ಪಾಠಗಳನ್ನು ಮೊದಲೇ ತುಂಬಿಸಿ ಕೊಟ್ಟರೆ ನೆಟ್‌ವರ್ಕ್ ಇಲ್ಲದ ದಿನವೂ ಮಗು ಓದಬಹುದು.

ಸಹಾಯ ಮಾಡೋಕೆ ಹೋದ್ರೆ ಮನೆಯವರು ಬೇಡ ಅಂತಾರೆ. ಯಾಕೆ?

ಕೊಡುವಾಗ ಫೋಟೊ ತೆಗೆದಿದ್ದೀರಾ ಎಂದು ನಾನು ಮೊದಲು ಕೇಳುತ್ತೇನೆ. ಕಷ್ಟದಲ್ಲಿರುವವರಿಗೂ ಮರ್ಯಾದೆ ಇದೆ. ನೆರೆಯವರ ಮುಂದೆ ಕೈ ಚಾಚಿದಂತೆ ಕಂಡರೆ ಯಾರಿಗಾದರೂ ಹಿಂಸೆಯಾಗುತ್ತದೆ. ಶಾಲೆಯ ಟೀಚರ್ ಮೂಲಕ ಹೋಗಿ, ತರಗತಿಯ ಎಲ್ಲ ಮಕ್ಕಳಿಗೂ ಸಿಗುವ ಹಾಗೆ ಮಾಡಿ. ‘ನಿಮಗೆ ಏನು ಬೇಕು’ ಎಂದು ಕೇಳಿ, ಹೇಳಿದ್ದನ್ನು ನಂಬಿ. ಒಬ್ಬ ತಾಯಿ ನಮ್ಮನ್ನು ಕೇಳಿದ್ದು ಫೋನನ್ನಲ್ಲ, ರಾತ್ರಿ ಓದಲು ಒಂದು ಬಲ್ಬು.

ಉಳ್ಳವರು ತಮ್ಮ ಮಕ್ಕಳಿಗೆ ಗುಂಪು ಮಾಡಿ ಟೀಚರ್ ಇಟ್ಕೊಂಡ್ರೆ ತಪ್ಪೇನು?

ಅಮೆರಿಕದಲ್ಲಿ 2020ರ ಬೇಸಿಗೆಯಲ್ಲಿ ಹೀಗೆ ನಾಲ್ಕೈದು ಮನೆಯವರು ಸೇರಿ ಟೀಚರ್ ಇಟ್ಟುಕೊಳ್ಳುವುದು ಜೋರಾಗಿ ನಡೆಯಿತು. ತಮ್ಮ ಮಗು ಕಲಿಯಲಿ ಎಂದು ಬಯಸುವುದರಲ್ಲಿ ತಪ್ಪಿಲ್ಲ. ಆದರೆ ಅಂತರ ಹೆಚ್ಚುವುದೂ ಇಲ್ಲಿಂದಲೇ. ಆ ಗುಂಪಿನಲ್ಲಿ ಹಣ ಕೊಡಲಾಗದ ಮನೆಯ ಒಂದಿಬ್ಬರು ಮಕ್ಕಳನ್ನೂ ಕೂರಿಸಿಕೊಳ್ಳಿ. ಟೀಚರ್‌ಗೆ ಹೊರೆ ಹೆಚ್ಚೇನೂ ಆಗುವುದಿಲ್ಲ.

## ಇನ್ನಷ್ಟು ಆಳಕ್ಕೆ

ಶಾಲೆ ತೆರೆದು ವರ್ಷಗಳೇ ಆದ್ವು. ಇನ್ನೂ ಅದೇ ಮಾತು ಯಾಕೆ?

ಯಾಕೆಂದರೆ ಬಾಗಿಲು ತೆರೆದ ಮಾತ್ರಕ್ಕೆ ಕಲಿಕೆ ತುಂಬಿಕೊಳ್ಳುವುದಿಲ್ಲ. ಪಾಕಿಸ್ತಾನದ ಉತ್ತರ ಭಾಗದಲ್ಲಿ 2005ರ ಅಕ್ಟೋಬರ್‌ನಲ್ಲಿ ದೊಡ್ಡ ಭೂಕಂಪ ಆಯಿತು. ಶಾಲೆಗಳು ಸರಾಸರಿ ಮೂರು ತಿಂಗಳ ಆಸುಪಾಸು ಮುಚ್ಚಿದ್ದವು. ನಾಲ್ಕು ವರ್ಷದ ನಂತರ ನೋಡಿದರೆ ಮನೆಗಳು ಮತ್ತೆ ಎದ್ದಿದ್ದವು, ದೊಡ್ಡವರ ಬದುಕು ಹಳಿಗೆ ಬಂದಿತ್ತು. ಮಕ್ಕಳು ಮಾತ್ರ ಕಲಿಕೆಯಲ್ಲಿ ಒಂದೂವರೆ ವರ್ಷ ಹಿಂದಿದ್ದರು. ಮೂರು ತಿಂಗಳು ಹೋದದ್ದು ಒಂದೂವರೆ ವರ್ಷ ಹೇಗಾಯಿತು? ಶಾಲೆ ತೆರೆದಾಗ ಪಾಠ ಮುಂದಕ್ಕೆ ಓಡಿತು. ತಪ್ಪಿಹೋದದ್ದು ತಪ್ಪಿಯೇ ಹೋಯಿತು, ಅದರ ಮೇಲೆ ಕಟ್ಟಿದ್ದೂ ನಿಲ್ಲಲಿಲ್ಲ. ತಾಯಿ ಪ್ರಾಥಮಿಕ ಶಾಲೆ ಮುಗಿಸಿದ್ದ ಮನೆಗಳ ಮಕ್ಕಳಲ್ಲಿ ಈ ನಷ್ಟ ಕಾಣಲೇ ಇಲ್ಲ.

ಕೊರೊನಾದಲ್ಲಿ ಉಗಾಂಡದ ಶಾಲೆಗಳು ಪೂರ್ತಿಯಾಗಿಯೋ ಭಾಗಶಃವೋ ಸುಮಾರು 22 ತಿಂಗಳು ಮುಚ್ಚಿದ್ದವು, 2022ರ ಜನವರಿಯವರೆಗೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸರಳ ಪಾಠವನ್ನೂ ಓದಿ ಅರ್ಥ ಮಾಡಿಕೊಳ್ಳಲಾಗದ 10 ವರ್ಷದ ಮಕ್ಕಳು ಮೊದಲು ಶೇಕಡಾ 57 ಇದ್ದರು. 2022ರಲ್ಲಿ ವಿಶ್ವಬ್ಯಾಂಕ್, ಯುನಿಸೆಫ್ ಮತ್ತಿತರರು ಅದು 70ಕ್ಕೆ ಏರಿದೆ ಎಂದು ಅಂದಾಜು ಮಾಡಿದರು. 2020ರಲ್ಲಿ ಅಕ್ಷರ ಕಲಿಯಬೇಕಿದ್ದ ಮಕ್ಕಳು ಇನ್ನೂ ಶಾಲೆಯಲ್ಲೇ ಇದ್ದಾರೆ.

ಹಿಂದೆ ಉಳಿದ ಮಗುವಿಗೆ ಎಲ್ಲಿಂದ ಶುರು ಮಾಡ್ಬೇಕು?

ಮಗು ನಿಂತಿರುವ ಜಾಗದಿಂದ. ಐದನೇ ತರಗತಿಯ ಮಗುವಿಗೆ ಪದ ಓದಲು ಬರದಿದ್ದರೆ ಐದನೇ ತರಗತಿಯ ಪುಸ್ತಕ ಕೊಡುವುದರಿಂದ ಅಳು ಮಾತ್ರ ಬರುತ್ತದೆ. ಭಾರತದಲ್ಲಿ ಮಕ್ಕಳ ಶಿಕ್ಷಣಕ್ಕಾಗಿ ಕೆಲಸ ಮಾಡುವ ‘ಪ್ರಥಮ್’ ಎಂಬ ಸಂಸ್ಥೆ ರೂಪಿಸಿದ ವಿಧಾನ ಈಗ ಆಫ್ರಿಕಾದ ಹಲವು ದೇಶಗಳಲ್ಲೂ ನಡೆಯುತ್ತಿದೆ. ಒಂದು ಹಾಳೆಯಲ್ಲಿ ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ ಇರುತ್ತವೆ. ಮಗುವಿನ ಕೈಲಿ ಓದಿಸಿ ಎಲ್ಲಿ ನಿಲ್ಲುತ್ತದೆ ನೋಡುತ್ತಾರೆ. ದಿನಕ್ಕೆ ಒಂದೆರಡು ಗಂಟೆ, ತರಗತಿಯನ್ನಾಗಲಿ ವಯಸ್ಸನ್ನಾಗಲಿ ನೋಡದೆ, ಮಟ್ಟಕ್ಕೆ ತಕ್ಕ ಗುಂಪು ಮಾಡಿ ಕಲಿಸುತ್ತಾರೆ. ಇದಕ್ಕೆ ಟ್ಯಾಬ್ ಬೇಕಿಲ್ಲ. ದೊಡ್ಡ ಮಗುವನ್ನು ಚಿಕ್ಕವರ ಜೊತೆ ಕೂರಿಸುವಾಗ ಅವಮಾನ ಆಗದಂತೆ ನೋಡಿಕೊಳ್ಳುವ ಮನಸ್ಸು ಬೇಕು.

ಎಲ್ಲಾ ನಾವೇ ಮಾಡಿದ್ರೆ ಸರ್ಕಾರ ಕೈ ತೊಳ್ಕೊಳಲ್ವಾ?

ಈ ಭಯ ನನಗೂ ಇದೆ. ಸ್ವಯಂಸೇವಕರು ಹೆಚ್ಚಿರುವ ಕಡೆ ನೆರವು ಚೆನ್ನಾಗಿ ನಡೆಯುತ್ತದೆ, ಯಾರೂ ಇಲ್ಲದ ಕಡೆ ಮಗು ಹಾಗೇ ಉಳಿಯುತ್ತದೆ. ಅಂದರೆ ಸಮುದಾಯದ ನೆರವೇ ಹೊಸ ಅಸಮಾನತೆ ಆಗಬಹುದು. ಎಲ್ಲ ಮಕ್ಕಳನ್ನೂ ತಲುಪುವ ಹೊಣೆ, ಹಣ, ಟೀಚರುಗಳ ನೇಮಕ ಸರ್ಕಾರದ್ದೇ. ನಾವು ಮಾಡಬೇಕಾದ ಇನ್ನೊಂದು ಕೆಲಸ ಬರೆದಿಡುವುದು. ಯಾವ ಮಗುವಿಗೆ ಎಷ್ಟು ದಿನ ಪಾಠ ಸಿಗಲಿಲ್ಲ, ಯಾರು ಶಾಲೆ ಬಿಟ್ಟರು, ಯಾಕೆ ಬಿಟ್ಟರು. ಆ ಪಟ್ಟಿ ಹಿಡಿದು ಶಾಲೆಗೆ, ಅಧಿಕಾರಿಗಳ ಹತ್ತಿರ ಹೋಗಬೇಕು. ಸುಮ್ನೆ ದೂರಿದರೆ ಕೇಳುವುದಿಲ್ಲ, ಲೆಕ್ಕ ಇಟ್ಟರೆ ಕೇಳಲೇಬೇಕಾಗುತ್ತದೆ.

ಮತ್ತೆ ಶಾಲೆ ಮುಚ್ಚೋ ಹಾಗಾದ್ರೆ ಮೊದಲ ವಾರ ಏನು ಮಾಡ್ಬೇಕು?

ಆ್ಯಪ್ ಹುಡುಕುವ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತರಗತಿಯ ಪ್ರತಿ ಮಗುವಿನ ಹೆಸರಿನ ಮುಂದೆ ನಾಲ್ಕು ಅಂಕಣ: ಮಾತಾಡಲು ಸಿಗುವ ನಂಬರ್, ಅದು ಸಿಗುವ ಹೊತ್ತು, ಮಗುವಿನ ಜೊತೆ ಕೂರಬಲ್ಲ ಮನುಷ್ಯ, ಊಟಕ್ಕೆ ತೊಂದರೆ ಇದೆಯಾ. ಮೂರನೇ ಅಂಕಣ ಖಾಲಿ ಇರುವ ಹೆಸರುಗಳನ್ನು ಬೇರೆ ಬರೆದುಕೊಳ್ಳಿ. ಮೊದಲ ಕರೆ ಅವರಿಗೆ ಹೋಗಲಿ. ನಂಬರೇ ಇಲ್ಲದ ಮಗುವಿನ ಮನೆಗೆ ಮುದ್ರಿಸಿದ ಹಾಳೆ, ಪೆನ್ಸಿಲ್ ಹಿಡಿದು ಯಾರು ಹೋಗುತ್ತಾರೆ ಎಂದು ಅದೇ ದಿನ ಗೊತ್ತು ಮಾಡಿಕೊಳ್ಳಿ. ಕರೆ ಮಾಡುವಾಗ ಮನೆಯ ದೊಡ್ಡವರೊಬ್ಬರು ಪಕ್ಕದಲ್ಲಿರಲಿ, ಸ್ಪೀಕರ್ ಹಾಕಿರಲಿ. ಇದು ಮಗುವಿನ ಸುರಕ್ಷತೆಗೂ ಬೇಕು, ಕಲಿಕೆಗೂ ಬೇಕು.